ನೆಲಕ್ಕಿಡದ ನೀರು

ಕೊಳ್ಳೇಗಾಲದ ಆಸ್ಪತ್ರೆಯ ಜಗುಲಿಯಲ್ಲಿ ಕೂತಿದ್ದೆ. ಒಳಗಿಂದ ಎಳೆಗೂಸಿನ ಅಳು ಕೇಳಿತು. ಬಾಣಂತಿಯ ತಾಯಿ ಚನ್ನಾಜಮ್ಮ, ಖಾಲಿ ಬಿಂದಿಗೆ ಹೊತ್ತು ನಿಂತಿದ್ದ ಹೆಂಗಸಿನ ಕೈ ಹಿಡಿದುಕೊಂಡಳು.

“ದಾರೀಲಿ ಎಂಜಿನ್ ಕಾದು ಕಾರು ನಿಂತೋದಾಗ ನೀ ನೀರು ಉಯ್ಯದಿದ್ರೆ ನನ್ನ ಮಗಳು ಉಳೀತಿರ್ನಿಲ್ಲ ಕಣಕ್ಕ.”

“ಸುಮ್ಕಿರವ್ವ.”

“ಎಂಜಿನ್ ಆರೋಗಂಟ ತುಂಬಿದ ಬಿಂದಿಗೆ ಒತ್ಕಂಡೇ ನಿಂತಿದ್ದಲ್ಲ, ಇಳಿಸಬಾರ್ದಿತ್ತಾ?”

“ಮನೆದೇವ್ರಿಗೆ ಅಂತ ಕಾವೇರಿಯಿಂದ ತಂದ ನೀರು. ನೆಲಕ್ಕಿಟ್ರೆ ಮೈಲಿಗೆ.”

“ಅಯ್ಯೋ! ಅದನ್ನೇ ಕಾರಿಗೆ ಉಯ್ದ್‌ಬುಟ್ಟಲ್ಲ!”

“ಉಯ್ದೆ. ನೆಲಕ್ಕಂತೂ ಇಡ್ನಿಲ್ಲ.”

ಇಬ್ಬರೂ ನಕ್ಕರು.

“ಈಗ ಮತ್ತೆ ನೀರಿಗೆ ಕಾವೇರಿ ಒಳೆಗಂಟ ನಡೀಬೇಕಾ?”

“ಕಾರ್ನೋರೇ ಸತ್ತೇಗಾಲದ ಒಳೆ ದಡಕ್ಕೆ ಬುಡ್ತಾರಂತೆ.”

“ಕೊಡು, ಕಾರಿನಗಂಟ ನಾ ಒತ್ಕತೀನಿ.”

“ಖಾಲಿ ಬಿಂದಿಗೆ ಕಣವ್ವ.”

“ಇರ್ಲಿ, ಕೊಡು.”

ಚನ್ನಾಜಮ್ಮ ಅದನ್ನು ತುಂಬಿದ ಬಿಂದಿಗೆಯಂತೆ ಸೊಂಟಕ್ಕಿಟ್ಟುಕೊಂಡು, ತುಳುಕದ ಹಾಗೆ ನಿಧಾನವಾಗಿ ಮೆಟ್ಟಿಲಿಳಿದಳು.