ತಾನಾಗೇ ಇಳಿಯುತ್ತೆ

ಆಲ್ಬೋರ್ಗಿನ ಆಸ್ಪತ್ರೆ ಎದುರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಮುದುಕ ಮತ್ತು ಅವನ ಮಗ ಇದ್ದರು. ಮಗ ಕಾಲಗಲಿಸಿ ನಿಂತಿದ್ದ. ಅವನ ಸೈಕಲ್ಲನ್ನು ಮುದುಕ ಹಿಡಿದುಕೊಂಡಿದ್ದ.

“ಆಪರೇಷನ್ನಿಗೆ ಯಾರಾದ್ರೂ ಸೈಕಲ್ಲಲ್ಲಿ ಬರ್ತಾರೇನೋ ಎಸ್ಕಿಲ್?”

“ಬರೋವಾಗ ಚೆನ್ನಾಗೇ ಇದ್ನಲ್ಲ ಅಪ್ಪ. ಇನ್ನು ಮೂರು ವಾರ ಹತ್ತೋ ಹಾಗಿಲ್ಲ.”

“ಕೂತ್ಕೋ.”

“ಹೊಲಿಗೆ ಎಳೆಯುತ್ತೆ.”

“ಏನಂದ್ರು?”

“ಎರಡೂ ಬೀಜ ಕೊಯ್ದು ಹುಡುಕಿದ್ರಂತೆ. ನಾಲ್ಕೈದು ವೀರ್ಯಾಣು ಸಿಕ್ಕಿದ್ರೂ ಮಗು ಆಗೋಕೆ ಸಾಕಿತ್ತು. ಒಂದೂ ಸಿಗಲಿಲ್ಲ.”

“ಇನ್ನೊಂದ್ಸಲ ನೋಡ್ಬಹುದಲ್ಲ?”

“ಆರು ತಿಂಗಳು ಬಿಟ್ಟು ನೋಡ್ಬಹುದು, ಆಸೆ ಇಟ್ಕೋಬೇಡಿ ಅಂದ್ರು. ಚಿಕ್ಕೋನಿದ್ದಾಗ ಬೀಜ ಕೆಳಗಿಳಿದಿರಲಿಲ್ಲವಲ್ಲ, ಅದನ್ನ ಸರಿಮಾಡ್ಸೋಕೆ ಅಷ್ಟು ತಡ ಯಾಕೆ ಮಾಡಿದ್ರಿ ಅಂತ ಕೇಳಿದ್ರು.”

ಮುದುಕ ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿಂದ ಒರೆಸಿದ.

“ನೀನೇನಂದೆ?”

“ಗೊತ್ತಿಲ್ಲ ಅಂದೆ.”

“ನಿಮ್ಮಮ್ಮ ವರ್ಷಗಟ್ಟಲೆ ಬಡ್ಕೊಂಡ್ಳು ಕಣೋ. ತಾನಾಗೇ ಇಳಿಯುತ್ತೆ ಬಿಡು ಅಂದೋನು ನಾನು. ನಂದು ಹಾಗೇ ಇಳಿದಿತ್ತು.”

“ಗೊತ್ತಪ್ಪ. ಅಮ್ಮ ಯಾವತ್ತೋ ಹೇಳಿದಾಳೆ.”

ಬಸ್ಸು ಬಂತು.

“ಸೀಟು ತಗ್ಗಿಸ್ಕೋ ಅಪ್ಪ. ನಿಂಗೆ ಎತ್ತರ ಆಗುತ್ತೆ.”

ಮಗ ಮೆಲ್ಲಗೆ ಬಸ್ ಹತ್ತಿದ. ಮುದುಕ ಸೀಟು ತಗ್ಗಿಸಲಿಲ್ಲ, ಸೈಕಲ್ ಹತ್ತಲೂ ಇಲ್ಲ. ತಳ್ಳಿಕೊಂಡೇ ಬಸ್ಸಿನ ಹಿಂದೆ ಹೊರಟ.