ಸಂಜೆಯ ಹಾಜರಿ

"ಹಲೋ… ಯಾರು ಮಾತಾಡೋದು? ಹಾಂ? ಇದು ಯಶೋಧರಾನ ನಂಬರ್ ಅಲ್ಲೇನ್ರಿ? ಮತ್ತ ನೀವ್ಯಾರು?"

…

"ವಿಮಲಾಬಾಯಿ? ಯಾವ ವಿಮಲಾಬಾಯಿ? ನನ್ನ ತಂಗಿ ಫೋನು ನಿಮ್ಮ ಕೈಯಾಗ ಯಾಕ ಅದ?"

…

"ನಿಮ್ಮ ಬೆಳಕೂ ಬ್ಯಾಡ, ಕತ್ತಲೂ ಬ್ಯಾಡ್ರಿ ನಮಗ. ನಾವು ಜೈಭೀಮ್ ಅನ್ನೋ ಮಂದಿ. ಅಕಿಗಿ ಫೋನ್ ಕೊಡ್ರಿ. ಅಕಿ ಅಕ್ಕ ಕಾವೇರಿ ಮಾತಾಡಾಕತ್ತೀನಿ ಅನ್ರಿ."

…

ಕಮಲಾಪುರ ಬಸ್‌ ನಿಲ್ದಾಣದ ಕಂಬಕ್ಕೆ ಒರಗಿ ನಿಂತ ಕಾವೇರಿ, ಫೋನು ಕೈ ಬದಲಾಗುವ ಸದ್ದಿಗೆ ಕಿವಿಗೊಟ್ಟಳು. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಟೇಲರಿಂಗ್ ಅಂಗಡಿ ನಡೆಸುವ ಹೆಣ್ಣು ಅವಳು. ಬಟ್ಟೆ ಕೊಡಲು ಬಂದವರ ಮಾತಿನಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂಬುದು ಟೇಪು ಹಿಡಿಯುವ ಮೊದಲೇ ಅವಳಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ಕಮಲಾಪುರದ ಊರಾಚೆಯ ತೋಟದಲ್ಲಿ 'ಬೆಳಕಿನ ಬಳಗ' ಎಂಬವರ ಬಿಳಿ ಕಾಂಪೌಂಡು. ತಂಗಿ ಯಶೋಧರಾ ಗಂಡನನ್ನೂ ಮನೆಯನ್ನೂ ಬಿಟ್ಟು ಅದರೊಳಗೆ ಸೇರಿಕೊಂಡು ಚಳಿಗಾಲ ಹೋಗಿ ಬೇಸಿಗೆ ಬಂದಿತ್ತು. ಇವತ್ತು ಸಂಜೆ ಗಂಟೆ ಬಾರಿಸಿದ ಮೇಲೆ ಅವಳು ಅಲ್ಲಿನ 'ತಾಯಿ'ಯ ಮುಂದೆ ತನ್ನ ಹೆಸರನ್ನೂ ಫೋನನ್ನೂ ಒಪ್ಪಿಸಿಬಿಡುತ್ತಾಳಂತೆ. ಆಮೇಲೆ ಹೊರಗಿನವರ ಜೊತೆ ಮಾತಿಲ್ಲ, ಕತೆಯಿಲ್ಲ. ಅಷ್ಟರೊಳಗೆ ಅವಳನ್ನು ಗೇಟಿನಾಚೆ ತರಬೇಕೆಂದೇ ಕಾವೇರಿ ಅಂಗಡಿಗೆ ಬೀಗ ಹಾಕಿ, ಅವ್ವ ಪುತಳಾಬಾಯಿಯನ್ನೂ ಕಟ್ಟಿಕೊಂಡು ಬಸ್ಸು ಹತ್ತಿದ್ದು. ಗೇಟಿನವನು ಇಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ. ತಿರುಗಿ ಬಂದು ನಿಂತ ಈ ನಿಲ್ದಾಣದಿಂದ ಆ ಗೇಟು ದೂರಕ್ಕೆ ಕಾಣುತ್ತಿತ್ತು.

"ಯಶೂ? ಖರೇನ ನೀನೇನು? ಜರಾ ಜೋರಾಗಿ ಮಾತಾಡು. ಹ್ಯಾಂಗ ಇದ್ದಿ?"

…

"'ಚೆನ್ನಾಗಿದ್ದೇನೆ' ಅಂತಿಯಾ? ಇದ್ಯಾವಾಗ ಕಲ್ತಿ ಪುಸ್ತಕದಂಗ ಮಾತಾಡಾಕ? 'ಆರಾಮ ಇದ್ದೀನಿ' ಅಂತಿದ್ದೆಲ್ಲ. ಯಾರು ಬಾಯಿಪಾಠ ಮಾಡಿಸ್ಯಾರ?"

…

"ಸ್ಪೀಕರ್ ಹಚ್ಚಿಯೇನು? ನನ್ನ ದನಿ ನನಗ ತಿರುಗಿ ಕೇಳಸ್ತದ. ಬಾಜೂಕ ಯಾರು ಕುಂತಾರ? … ಅಕಿನೇ? ಅದೇ ವಿಮಲಾಬಾಯಿ? ಅಕಿಗಿ ಆಚಿ ಹೋಗಂತ ಹೇಳು."

…

"ನಿಯಮಾ? ಅಕ್ಕ ತಂಗಿ ಮಾತಾಡಾಕ ನಡುವ ಒಬ್ಬಾಕಿ ಬೇಕೇನು? … ಜೋಡಿ. ಹಾಂ. ಯಾರನ್ನೂ ಒಂಟಿ ಬಿಡಂಗಿಲ್ಲ. ಹಾಂ, ಹಾಂ. ಜೇಲಿನಾಗೂ ಹಂಗೇ ಮಾಡ್ತಾರ ತಂಗಿ."

…

"ನೀ ಹೆಚ್ಚಿಗಿ ಮಾತಾಡಬ್ಯಾಡ. ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು. ನಿನ್ನ ಕೂಡಿ ಹಾಕ್ಯಾರಾ?"

…

"ಇಲ್ಲಾ? ಗೇಟು ಹಗಲೆಲ್ಲಾ ತೆರದೇ ಇರ್ತದಾ? ಮತ್ತ ನಮ್ಮನ್ನ ಯಾಕ ಬಿಡಲಿಲ್ಲ? … ಹೊರಗ ಹೋಗೋರಿಗಿ ತೆರದದ, ಒಳಗ ಬರೋರಿಗಿ ಇಲ್ಲ. ಎಂಥಾ ಗೇಟು ಮಾರಾಯ್ತಿ ಅದು!"

…

"ರೊಕ್ಕ ಕೇಳ್ಯಾರಾ? ಬಂಗಾರ? … ಏನೂ ಕೇಳಿಲ್ಲಾ? ಏನೂ ಕೇಳದವರು ಇನ್ನೂ ಖತರನಾಕ್. ಕೇಳಿದ್ರ ಕೊಟ್ಟು ಬಿಡಿಸಿಕೊಂಡು ಬರಬಹುದು. ಕೇಳಲಿಲ್ಲಂದ್ರ ಏನು ಕೊಟ್ಟು ಬಿಡಿಸಲಿ ನಿನ್ನ?"

ಈ ಮಾತು ಬಾಯಿಂದ ಬಿದ್ದ ಮೇಲೆ ಕಾವೇರಿಗೇ ದಿಗಿಲಾಯಿತು. ಕಲ್ಲುಬೆಂಚಿನ ಮೇಲೆ ಕೂತಿದ್ದ ಅವ್ವ, ಬುಟ್ಟಿಯವಳ ಹತ್ತಿರ ಕೆಂಪು ಬಾಳೆಹಣ್ಣು ಆರಿಸುತ್ತಿದ್ದಳು. ಒಂದೊಂದನ್ನೂ ಒತ್ತಿ ನೋಡುವುದು, ಮೂಗು ಮುರಿಯುವುದು, ತಿರುಗಿ ಇಡುವುದು. ಮಗಳು ಬಂದ ಕೂಡಲೇ ಕೈಗೆ ಕೊಡಬೇಕೆಂದು ಅವಳ ಲೆಕ್ಕ. ಕಾವೇರಿ ಅವಳಿಗೆ ಬೆನ್ನು ಮಾಡಿ ನಿಂತಳು.

"ಏನಂದಿ? ಮುತ್ತ್ಯಾನಾ? ಅಂಬಣ್ಣ ಮುತ್ತ್ಯಾ ಬುದ್ಧನ ದಾರಿ ಹಿಡದಾಗ್ನೂ ಊರ ಮಂದಿ ತಲಿ ಕೆಟ್ಟದ ಅಂದಿದ್ರು ಅಂತಿಯಾ? ಅಂದಿದ್ರು, ಯಾರು ಇಲ್ಲಂದ್ರು? ಆದ್ರ ಮುತ್ತ್ಯಾ ನೆಟ್ಟಗ ನಿಂದ್ರಾಕ ಹೋಗಿದ್ದ. ಇನ್ನ ಯಾರ ಕಾಲಿಗೂ ಬೀಳಂಗಿಲ್ಲ ಅಂತ ಪ್ರತಿಜ್ಞಾ ಮಾಡಿ ಹೋಗಿದ್ದ. ನೀ ಒಬ್ಬ ಹೆಣಮಗಳ ಕಾಲಿಗಿ ಬೀಳಾಕ ಹೋಗೀದಿ. ಎರಡೂ ಒಂದೇನು? ಇವತ್ತ ಒಪ್ಪಸ್ತೀನಿ ಅನ್ನಾಕತ್ತಿಯಲ್ಲ ಆ ಹೆಸರು, ಅದು ಮುತ್ತ್ಯಾ ಮೊಮ್ಮಗಳಿಗಿ ಅಂತ ಇಟ್ಟದ್ದು. ನಿಂಗ ಗೊತ್ತದ ಅಲ್ಲ?"

…

"ನಗಾಕತ್ತಿಯಾ? ಏನು? … ಬುದ್ಧ ಮನಿ ಬಿಟ್ಟಾಗ ಹಿಂದ ಉಳದಾಕಿ ಯಶೋಧರಾ… ಈ ಸಲ ಅಕಿನೇ ಎದ್ದು ಹೋಗ್ಯಾಳಾ? ಅಬಬಬಾ! ಬಾಯಿ ಮಾತ್ರ ಹಂಗೇ ಅದ ನೋಡು ನಿಂದು."

ಕಾವೇರಿಗೆ ಎದೆ ತುಸು ಹಗುರಾಯಿತು. ಆ ನಗು ತಂಗಿಯದೇ. ಅದನ್ನು ಯಾವ ತಾಯಿಯೂ ಕಲಿಸಿಕೊಟ್ಟದ್ದಲ್ಲ. ಹಾಗಾದರೆ ಒಳಗಿರುವವಳು ಇನ್ನೂ ಅವಳೇ, ಬುದ್ಧಿ ಸ್ಥಿಮಿತದಲ್ಲೇ ಇದೆ. ಬುದ್ಧಿ ಇದ್ದೂ ಅಲ್ಲಿ ಕೂತಿದ್ದಾಳೆಂದರೆ ಇನ್ನೇನು ಮದ್ದು ಹಾಕಿದ್ದಾರೋ ಎಂದು ಮರುಗಳಿಗೆಯೇ ಸಂಶಯ ಎದ್ದಿತು.

"ಹಂಗಾರ ಹೇಳು ತಂಗಿ. ಯಾಕ? ಏನ್ ಸಿಕ್ಕದ ನಿಂಗ ಅಲ್ಲಿ? ದಿಲೀಪ ಕೈ ಮಾಡ್ತಿದ್ನಾ? … ಇಲ್ಲ. ಗೊತ್ತದ ನಂಗ, ನಿನ್ನ ಗಂಡ ಅಂಥಾವನಲ್ಲ. ಮತ್ತ?"

…

"'ಇನ್ನೊಂದು ಆಗ್ತದ ಬಿಡು' ಅಂದ. … ಹಾಂ. … ಸಮಾಧಾನಕ್ಕ ಅಂದಿರ್ತಾನ. … ಹಾಂ, ಹಾಂ, ತಪ್ಪೇ. ಅನ್ನಬಾರದಿತ್ತು. ಗಡಿಗಿ ಒಡದ್ರ ಇನ್ನೊಂದು ಅನ್ನಬಹುದು, ಕೂಸಿಗಿ ಅಂತಾರೇನು?"

ಯಶೋಧರಾಳ ಮಗ ಎರಡು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟಿದ್ದ. ಮಣ್ಣು ಮಾಡಿ ಬಂದ ದಿನವೇ ಪುತಳಾಬಾಯಿ ಅವನ ಫೋಟೋ, ಅಂಗಿ, ಗಿಲಕಿ ಎಲ್ಲವನ್ನೂ ಟ್ರಂಕಿಗೆ ತುಂಬಿ ಬೀಗ ಜಡಿದಿದ್ದಳು. "ಇನ್ನ ಈ ಮನ್ಯಾಗ ಯಾರೂ ಆ ಹೆಸರು ತೆಗೀಬ್ಯಾಡ್ರಿ. ತೆಗದ್ರ ಪೋರಿ ಗಾಯ ಹಸಿ ಆಗ್ತದ" ಎಂದು ಎಲ್ಲರಿಗೂ ತಾಕೀತು ಮಾಡಿದ್ದಳು. ಮಗಳ ಮೇಲಿನ ಮಮತೆಯಿಂದಲೇ ಅಂದ ಮಾತು ಅದು. ಎಲ್ಲರೂ ಪಾಲಿಸಿದರು. ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವಳು ಕಾವೇರಿ.

"ಯಾವ ಸಂತ್ಯಾಗ? ಇಲ್ಲೇ, ಕಮಲಾಪುರದಾಗ? … ಕೆಂಪು ಬಾಳೆಹಣ್ಣು ತಗೊಳ್ಳಾಕತ್ತಿದ್ದಿ. … ಹಾಂ, ಯಾರೋ ಹೆಣಮಗಳು ಬಂದು ಯಾರಿಗಿ ಅಂತ ಕೇಳಿದ್ಳು. … ಮಗನಿಗಿ ಅಂದಿಯಾ? ಯಶೂ! ಆವಾಗ ಅದು ಹೋಗಿ…"

…

"ಅಕಿ ಏನಂದ್ಳು? … 'ಹೆಸರೇನು ಅವಂದು' ಅಂತ ಕೇಳಿದ್ಳು. … ಅಷ್ಟೇನಾ? … ಅಷ್ಟಕ್ಕೇ ಹೋಗಿಬಿಟ್ಟಿಯಾ ಅಕಿ ಹಿಂದ?"

…

"ತಡಿ, ತಡಿ. ಆ ಹೆಣಮಗಳು ಇದೇ ವಿಮಲಾಬಾಯಿ ಹೌದಿಲ್ಲೋ? ನಂಗ ಆವಾಗೇ ಅನಸ್ತು! ಅಳೋ ಮಾರಿ ಎಲ್ಲಿ ಸಿಗ್ತದ ಅಂತ ಸಂತಿ ತುಂಬ ಹುಡುಕ್ಕೋತ ನಿಂತಿರ್ತಾಳ ಅಕಿ. ಏನ್ರೀ ಬಾಯಾರ, ಕೇಳಸಾಕತ್ತದಲ್ಲ? ನಿಮಗೇ ಹೇಳಾಕತ್ತೀನಿ."

…

"ಆಯ್ತು, ಆಯ್ತು, ಅಕಿಗಿ ಬೈಯಲ್ಲ. ಹೇಳು. … ಹಾಜರಿ? ಎಂಥಾ ಹಾಜರಿ? … ದಿನಾ ಸಂಜಿಕ… ತಾಯಿ ಹೋದವರ ಹೆಸರು ಒಂದೊಂದೇ ಕರೀತಾಳ… ಅವರವರ ಮನಿಯವರು ಎದ್ದು 'ಹಾಜರ್' ಅಂತಾರ… ಸಾಲ್ಯಾಗ ಅಂದಂಗ? … ನೀನೂ ಅಂತಿಯಾ? ದಿನಾ?"

ಕಾವೇರಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಎಷ್ಟು ಮಂದಿ ಅವ್ವಂದಿರು, ಎಷ್ಟು ಮಂದಿ ಹೆಂಡತಿಯರು ಆ ಬಿಳಿ ಗೋಡೆಯೊಳಗೆ ಸರದಿಗಾಗಿ ಕಾಯುತ್ತ ಕೂತಿರುತ್ತಾರೋ! ಆ ತಾಯಿ ಎಂಬವಳು ಬಲು ಪಾಕಡಾ ಹೆಂಗಸು. ಎಲ್ಲಿ ಹಿಡಿದರೆ ಮನುಷ್ಯರು ಬಿಡಿಸಿಕೊಳ್ಳಲಾರರೋ ಅಲ್ಲೇ ಹಿಡಿದಿದ್ದಾಳೆ.

"ಸತ್ತವರ ಹೆಸರು ಕರೀತಾರ, ಬದುಕಿದವರ ಹೆಸರು ಕಸಗೋತಾರ. ಇದ್ಯಾವ ಬೆಳಕು ತಂಗಿ? ನಾಳೆ ನಿನ್ನ ಹೆಸರೂ ಹೋಯ್ತಂದ್ರ ನಾವು ಏನಂತ ಕರೀಬೇಕು? ಗೇಟಿನ ತನಾ ಬಾ. ಅವ್ವ ಬಂದಾಳ, ಮಾರಿ ತೋರಿಸಿ ಹೋಗು. ಅಷ್ಟೇ ಸಾಕು."

…

"ಅಳಬ್ಯಾಡ. … ನಾ ಏನು ಅನಲಿಲ್ಲ? … ಇಷ್ಟೊತ್ತು ಮಾತಾಡಿದ್ರೂ ಕೂಸು ಅಂದ್ನಿ, ಅದು ಅಂದ್ನಿ… ಹೆಸರು ಅನಲಿಲ್ಲಾ? … ನಿನ್ನ ಸಲುವಾಗೇ ಅಲ್ಲೇನ ಅನದೇ ಇದ್ದದ್ದು? ಅನ್ನಬಾರದಂತ ನಾಲಿಗಿ ಕಚ್ಚಿ ಹಿಡಕೊಂಡೀವಿ ಎಲ್ಲಾರೂ!"

…

"ಒಮ್ಮೆ ಅಂದ್ರ ಬರ್ತಿಯಾ? ಗೇಟಿನ ತನಾ? … ಈ ಮಾತು ನಿಂದೋ, ಬಾಜೂಕ ಕುಂತಾಕಿ ಕಿವ್ಯಾಗ ಊದಿದ್ದೋ? ಹ್ಯಾಂಗ ನಂಬಲಿ? ಇಲ್ಲ ಇಲ್ಲ, ಮೊದಲ ನೀ ಬಾ. ಗೇಟಿನಾಗ ನಿಂತು ಕೈ ಮಾಡು. ನಿನ್ನ ಮಾರಿ ನೋಡಿ ಅಂತೀನಿ. ನಿನ್ನ ಆಣಿ, ಅಂತೀನಿ."

…

"ಹಠ ಮಾಡಬ್ಯಾಡ ಯಶೂ. ಅವ್ವ ಇಲ್ಲೇ ಕುಂತಾಳ, ಅಕಿಗಿ ಕೇಳಸ್ತದ. ನೀ ಬಾ, ಆಮ್ಯಾಲ…"

ಗಂಟೆ ಬಾರಿಸಿತು. ಒಂದು ಕಿವಿಗೆ ಫೋನಿನೊಳಗಿಂದ, ಇನ್ನೊಂದು ಕಿವಿಗೆ ತೋಟಗಳ ಮೇಲಿನಿಂದ ಅದೇ ಸದ್ದು ಬಂತು. ಇಷ್ಟು ಹೊತ್ತು ಪೊಲೀಸರ ಹಾಗೆ ಪಾಟೀಸವಾಲು ಹಾಕುತ್ತ ನಿಂತುಬಿಟ್ಟೆನಲ್ಲ ಎಂದು ಕಾವೇರಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಕಡೆ ಜನ ಏಳುವ, ಚಾಪೆ ಸರಿಯುವ ಸದ್ದು.

"ಯಶೂ, ಫೋನು ಕೊಡಬ್ಯಾಡ! ನಿಂದ್ರು! ಅಂತೀನಿ, ಅಂತೀನಿ, ಕೇಳಿಲ್ಲಿ… ಕುನಾಲ! ಕೇಳಸ್ತಾ? ಕುನಾಲ! ನನ್ನ ಕುನಾಲ! ಅವನ ನೆನಪಾಗದ ದಿನಾ ಅದಾ ನಂಗ?"

ನಿಲ್ದಾಣದ ಮಂದಿಯೆಲ್ಲ ತಿರುಗಿ ನೋಡಿದರು. ಬೆಂಚಿನ ಮೇಲೆ ಪುತಳಾಬಾಯಿಯ ಕೈಯಿಂದ ಹಣ್ಣು ಜಾರಿ ಬುಟ್ಟಿಗೆ ಬಿತ್ತು. ಕಾವೇರಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ತಂಗಿಯ ದನಿಗಾಗಿ ಕಾದಳು.

"ಹಾಜರ್" ಎಂದಿತು ಆ ಕಡೆಯಿಂದ. ಮೊದಲಿಗೆ ಫೋನೆತ್ತಿದ ಅದೇ ದನಿ. ವಿಮಲಾಬಾಯಿಯದು. ತಣ್ಣಗೆ, ದಿನವೂ ಹೇಳಿ ರೂಢಿಯಾದ ಹಾಗೆ.

"ನೀವ್ಯಾಕ್ರೀ ಅನ್ನೋದು? ಅದು ಅಕಿ ಅನ್ನೋ ಮಾತು! ಹೆತ್ತಾಕಿ ಅಕಿ! ಯಶೂ, ನೀ ಅನ್ನು… ನೀ ಒಮ್ಮೆ ಅನ್ನು, ತಂಗಿ… ಹಲೋ? … ಹಲೋ?"

ಲೈನು ಕಡಿದುಹೋಗಿತ್ತು. ಕಾವೇರಿ ಮತ್ತೆ ಮತ್ತೆ ನಂಬರು ಒತ್ತಿದಳು. ಸ್ವಿಚ್ ಆಫ್.

ಪುತಳಾಬಾಯಿ ಬೆಂಚಿನಿಂದ ಎದ್ದು, ಮಂಡಿ ನೋವಿಗೆ ಕಾಲೆಳೆಯುತ್ತ ಬಂದಳು. ಮಗಳ ಕೈಯಿಂದ ಫೋನು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಇಟ್ಟುಕೊಂಡಳು. ಲೈನಿಲ್ಲ ಎಂದು ಕಾವೇರಿ ಹೇಳುವುದರೊಳಗೆ ಅವ್ವ ಮಾತಿಗೆ ತೊಡಗಿದ್ದಳು.

"ಕುನಾಲ" ಎಂದಳು ಪುತಳಾಬಾಯಿ. ಟ್ರಂಕಿಗೆ ಬೀಗ ಜಡಿದ ದಿನದಿಂದ ಅವಳ ಬಾಯಲ್ಲಿ ಬಾರದಿದ್ದ ಹೆಸರು. "ಲೇ ಕುನಾಲಾ… ನಿಮ್ಮವ್ವಗ ಹೇಳೋ ಕೂಸ. ಮನಿಗಿ ಬಾ ಅಂತ ಹೇಳೋ. ನಿನ್ನ ಮುದುಕಿ ಆಯಿ ಟ್ರಂಕ್ ತೆಗೀತಾಳಂತ ಹೇಳೋ… ಹಲೋ?"