ಹಳದಿ ಪಟ್ಟಿಯ ಆಚೆ ನಿಂತವಳ ಹೇಳಿಕೆ

ನನ್ನ ಹೆಸರನ್ನು ಮೇಲೆ ಬರೆಸಿದ್ದೇನೆ. ಶಾಲೆಯಲ್ಲಿ ಮಾತ್ರ ಆ ಹೆಸರು ಯಾರಿಗೂ ಗೊತ್ತಿಲ್ಲ, ಮಕ್ಕಳಿಗೆ ನಾನು ಆಯಿಲ್ ಅತ್ತೆ. ವಯಸ್ಸು ಐವತ್ತೆರಡು. ಕಸುಬು ಲೇಥ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಕೆಲಸ. ವಾಸ ವರ್ಕ್‌ಶಾಪಿನ ಮೇಲಿನ ಕೋಣೆ. ಶಾಲೆಯ ರೋಬೋಟ್ ತಂಡಕ್ಕೆ ಮಾರ್ಗದರ್ಶಕಿ. ತಂಡದ ನಾಯಕಿಯ ಕೈಗೆ ಆದ ಪೆಟ್ಟಿನ ಬಗ್ಗೆ ಆಕೆಯ ತಾಯಿ ಕೊಟ್ಟ ದೂರಿನ ಸಂಬಂಧ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಸದರಿ ನಾಯಕಿ ಹತ್ತನೇ ತರಗತಿಯವಳು. ಎಲ್ಲರೂ ಆಕೆಯನ್ನು ಕ್ಯಾಪ್ಟನ್ ಎನ್ನುತ್ತಾರೆ. ಕಳೆದ ತಿಂಗಳು ಮಕ್ಕಳು ಊಟಕ್ಕೆ ಹೋದಾಗ, ಅವರು ಜೋಡಿಸಿದ್ದ ರೋಬೋಟಿನ ತೋಳನ್ನು ನಾನು ಬಿಚ್ಚಿ ನನಗೆ ಸರಿಕಂಡಂತೆ ಕೂರಿಸಿದೆ. ಕ್ಯಾಪ್ಟನ್ ಬಂದು ನೋಡಿ, ಎಲ್ಲಾ ನೀವೇ ಮಾಡೋದಾದ್ರೆ ನಾವ್ಯಾಕೆ ಬರ್ಬೇಕು ಅತ್ತೆ, ಚಪ್ಪಾಳೆ ಹೊಡಿಯೋಕಾ ಎಂದು ಕೇಳಿ ಅತ್ತಳು. ನಿಂಗೆ ಸ್ಪ್ಯಾನರ್ ಹಿಡಿಯೋಕೆ ಕಲಿಸಿದ್ದೇ ನಾನು ಕಣೇ ಎಂದು ನಾನೂ ರೇಗಿದೆ. ಕೆಲವು ದಿನ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ಗಣಿತದ ಮೇಷ್ಟ್ರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದರು. ಮಕ್ಕಳು ರೋಬೋಟ್ ಇಟ್ಟ ಮೇಜಿನ ಸುತ್ತ, ಒಂದು ಹೆಜ್ಜೆ ದೂರಕ್ಕೆ, ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದರು. ದೊಡ್ಡವರು ಪಟ್ಟಿಯ ಆಚೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಎಷ್ಟು ಬೇಕಾದರೂ ಹೇಳಬಹುದು, ಕೊನೆಯ ತೀರ್ಮಾನ ಮಕ್ಕಳದು. ನಾನು ಒಪ್ಪಿದೆ. ಹುಡುಗಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಮೊದಮೊದಲು ಮರೆತು ಕೈ ಚಾಚುತ್ತಿದ್ದೆ. ಮಕ್ಕಳು ಗಲಾಟೆ ಎಬ್ಬಿಸುತ್ತಿದ್ದರು. ಬೇಡಿ ಹಾಕಿದ ಕಳ್ಳಿ ಥರ ನಿಲ್ಲಿಸಿದೀರಲ್ಲೋ ಎಂದು ನಾನೂ ನಗುತ್ತಿದ್ದೆ. ಕ್ರಮೇಣ ಆ ಕೋಣೆಗೆ ಕಾಲಿಟ್ಟ ಕೂಡಲೇ ಕೈಗಳು ತಾವಾಗಿಯೇ ಹಿಂದೆ ಹೋಗುತ್ತಿದ್ದವು.

ನಿನ್ನೆ ಸಂಜೆ ನಾಲ್ಕು ಗಂಟೆಗೆ ತೋಳನ್ನು ಮೇಲೆತ್ತಿ ನಿಲ್ಲಿಸಿ, ಕ್ಯಾಪ್ಟನ್ ಅದರ ಕೆಳಗಿನ ವೈರ್ ಸರಿಮಾಡಲು ಹೊರಟಳು. ತೋಳು ಬೀಳದಂತೆ ಕಬ್ಬಿಣದ ಪಿನ್ನು ಹಾಕು ಎಂದೆ. ತೋಳನ್ನು ಬಿಗಿಹಿಡಿಯಲು ತಾವೇ ಮಾಡಿದ ಕ್ಲಾಂಪ್ ಗಟ್ಟಿಯಾಗಿದೆ ಎಂದಳು. ಹಾಕೇ ಮಾರಾಯ್ತಿ ಎಂದು ಇನ್ನೊಮ್ಮೆ ಹೇಳಿದೆ. ಅಯ್ಯೋ ಅತ್ತೆ, ಒಂದೇ ನಿಮಿಷ, ಏನೂ ಆಗಲ್ಲ ಎಂದು ನಕ್ಕಳು. ತೀರ್ಮಾನ ಅವರದು. ನಾನು ಪಟ್ಟಿಯ ಆಚೆಯೇ ನಿಂತೆ.

ಕ್ಲಾಂಪ್ ಜಾರುವುದನ್ನು ನಾನು ಕಂಡೆ. ಕೈ ಚಾಚಿದ್ದರೆ ತೋಳು ನನಗೆ ಸಿಗುತ್ತಿತ್ತು. ಬಿತ್ತು, ಬಿತ್ತು ಎಂದು ಕಿರುಚಿದೆ. ನನ್ನ ಎರಡೂ ಕೈ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡೇ ಇದ್ದವು. ಕೈ ಯಾಕೆ ಮುಂದೆ ಬರಲಿಲ್ಲ ಎಂದು ಠಾಣೆಯ ಸಾಹೇಬರು ಕೇಳಿದ್ದಾರೆ. ನನಗೆ ಗೊತ್ತಿಲ್ಲ ಸ್ವಾಮಿ. ತೋಳು ಬಿದ್ದ ಆಕೆಯ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಆಸ್ಪತ್ರೆಯ ಹೊರಗೆ ಶಾಲೆಯ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು, ಹುಡುಗಿ ಹಟಮಾರಿ, ಯಾರ ಮಾತೂ ಕೇಳುವವಳಲ್ಲ ಎಂದು ಹೇಳಿಕೆಯಲ್ಲಿ ಬರೆಸಿ, ನೀವೂ ಪಾರಾಗುತ್ತೀರಿ ಎಂದರು. ನಾನು ಹಾಗೆ ಬರೆಸುವುದಿಲ್ಲ. ಆಕೆ ಹಟಮಾರಿಯಲ್ಲ. ನಾವೇ ಕೊಟ್ಟ ಅಧಿಕಾರದಂತೆ ನಡೆದ ಹದಿನೈದರ ಮಗು.

ಆಕೆಯ ತಾಯಿ ನನ್ನನ್ನು ಬೈಯಲಿಲ್ಲ. ಒಂದೇ ಹೆಜ್ಜೆ ಅಲ್ವೇನ್ರೀ ಎಂದು ಮಾತ್ರ ಕೇಳಿದರು. ಒಳಗೆ ಕ್ಯಾಪ್ಟನ್ ಕಣ್ಣು ಬಿಟ್ಟು, ಪಟ್ಟಿ ಕೀಳಬೇಡಿ ಅತ್ತೆ, ತಪ್ಪು ಕ್ಲಾಂಪ್‌ದು, ನೀವು ಹೇಳಿದ್ರಿ ಎಂದು ನನ್ನನ್ನೇ ಸಮಾಧಾನ ಮಾಡಿದಳು. ನನ್ನ ಕೈ ಹಿಡಿದುಕೊಳ್ಳಲು ಎಡಗೈ ಚಾಚಿದಳು.

ಆಗಲೂ ನನ್ನ ಕೈ ಮುಂದೆ ಬರಲಿಲ್ಲ.

ಇಷ್ಟೂ ನಾನು ಕಣ್ಣಾರೆ ಕಂಡ ಸತ್ಯ. ಓದಿ ಹೇಳಿದ್ದನ್ನು ಕೇಳಿ ಒಪ್ಪಿದ್ದೇನೆ. ಕೈ ಮುಂದೆ ತಂದು ಸಹಿ ಹಾಕಿ ಅಮ್ಮಾ ಎಂದು ಪೇದೆಯವರು ಎರಡು ಸಲ ಹೇಳಿದ ಮೇಲೆ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಘಟನೆಯ ಮರುದಿನ
ಸಹಿ: (ಆಯಿಲ್ ಅತ್ತೆ)